ಬಾಗಿಲಿಗಿಂತ ದೊಡ್ಡ ಬಸ್ಸು

ನಮ್ಮ ಮನೆಯಲ್ಲಿ ಯಾರಾದರೂ ಬಾಯಲ್ಲಿ ಹೇಳಿದ ಅಳತೆಯನ್ನು ನಂಬಬಾರದು. ನಾನು ಬಟ್ಟೆ ಹೊಲಿಯುವವಳು. ಮಗುವಿನ ಅಂಗಿಗೆ ಎದೆಯಳತೆ ತೆಗೆಯುವಾಗಲೇ ಟೇಪಿನ ಕೆಳಗೆ ಬೆರಳು ತೂರಿಸಿಕೊಂಡಿರುತ್ತೇನೆ. ಅದರ ಮೇಲೆ ಹೊಲಿಗೆಗೆ ಒಂದಿಷ್ಟು, ಒಳಗೆ ಮಡಚಿ ಬಿಡುವುದಕ್ಕೆ ಒಂದಿಷ್ಟು, ಬೆಳೆಯುವ ಮೈ ಅಂತ ಇನ್ನೊಂದಿಷ್ಟು ಸೇರಿಸಿಯೇ ಅಂಕಿ ಬಾಯಿಗೆ ಬರುವುದು. ನನ್ನ ಗಂಡ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಸಾಮಾನು ಎಷ್ಟಿದೆಯೋ ಅಷ್ಟಕ್ಕೇ ಪೆಟ್ಟಿಗೆ ಮಾಡಿದರೆ ದಾರಿಯಲ್ಲಿ ಉಜ್ಜಿ ಹಾಳಾಗುತ್ತದೆ, ಸುತ್ತಲೂ ಕೈಯಾಡುವಷ್ಟು ಜಾಗ ಇರಲೇಬೇಕು ಎನ್ನುವುದು ಅವರ ಮಟ್ಟಿಗೆ ವೇದವಾಕ್ಯ. ಹಾಗಾಗಿ ನಾನು ಹೊಲಿದ ದಿಂಬಿನ ಚೀಲದಲ್ಲಿ ಒಂದೂವರೆ ದಿಂಬು ಹಿಡಿಯುತ್ತದೆ, ಅವರು ಮಾಡಿದ ಪೆನ್ಸಿಲ್ ಡಬ್ಬಿಯಲ್ಲಿ ಪೆನ್ಸಿಲ್ಲುಗಳು ಆಟಕ್ಕೆ ಬಿಟ್ಟ ಮಕ್ಕಳ ಹಾಗೆ ಓಡಾಡುತ್ತವೆ. ಇಬ್ಬರೂ ಸೇರಿ ಒಂದೇ ವಸ್ತುವಿಗೆ ಕೈ ಹಾಕುವ ಪ್ರಸಂಗ ಮಾತ್ರ ಆ ಬಸ್ಸಿನ ತನಕ ಬಂದಿರಲಿಲ್ಲ.

ಬಸ್ಸಿಗಿಂತ ಮುಂಚೆ ಮಕ್ಕಳ ವಿಷಯ ಹೇಳಬೇಕು. ಮಗಳು ಎರಡನೇ ಕ್ಲಾಸು. ಮನೆಯಲ್ಲಿ ಅವಳ ಹೆಸರು ಮೇಸ್ತ್ರಿ. ತಾನು ಧೂಳು ಮುಟ್ಟದೆ, ಸೊಂಟದ ಮೇಲೆ ಕೈಯಿಟ್ಟು ನಿಂತು ಮಿಕ್ಕವರಿಂದ ಕೆಲಸ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಮಗನಿಗೆ ಇನ್ನೂ ನಾಲ್ಕು ತುಂಬಿಲ್ಲ. ಅವನು ಗೋಂದು. ಹೆಸರಿಟ್ಟವಳು ಮೇಸ್ತ್ರಿಯೇ, ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಾನು ಹೊಲಿಗೆ ಯಂತ್ರದ ಮುಂದೆ ಕೂತರೆ ಅವನು ಪೆಡಲಿನ ಪಕ್ಕ, ಒಲೆಯ ಮುಂದೆ ನಿಂತರೆ ನನ್ನ ಕಾಲ ಸಂದಿಯಲ್ಲಿ. ಬಚ್ಚಲಿಗೆ ಹೋದರೆ ಬಾಗಿಲಿನಾಚೆ ಕೂತು, ಒಳಗಿರುವುದು ನಾನೇ ಹೌದೋ ಅಲ್ಲವೋ ಎಂದು ಆಗಾಗ ವಿಚಾರಿಸಿಕೊಳ್ಳುತ್ತಾನೆ. ನನ್ನ ಏಪ್ರನ್ನಿಗೆ ಎರಡು ಜೇಬು. ಬಲಗಡೆಯದರಲ್ಲಿ ಕತ್ತರಿ, ಎಡಗಡೆಯದರಲ್ಲಿ ಅವನ ಕೈ.

ಇದರಿಂದ ಯಾರಿಗೂ ತೊಂದರೆಯೇನೂ ಇರಲಿಲ್ಲ. ಬೀದಿಯ ತಿರುವಿನಾಚೆ ಇರುವ ಟೈಲರ್ ಅಂಗಡಿಯಿಂದ ಬಟ್ಟೆ ತಂದು ಮನೆಯಲ್ಲೇ ಹೊಲಿದು ಕೊಡುತ್ತಿದ್ದೆ. ಆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಮಾಸ್ಟರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಅಂಗಡಿ ನಡೆಸುವ ಅಕ್ಕ ಆ ಜಾಗಕ್ಕೆ ನನ್ನನ್ನು ಕರೆದರು. ಕತ್ತರಿಸುವ ಮೇಜಿನ ಮುಂದೆ ನಿಲ್ಲಬೇಕು ಎನ್ನುವುದು ನನಗೆ ಮದುವೆಗೂ ಮುಂಚಿನ ಆಸೆ. ಬೇರೆಯವರು ಕತ್ತರಿಸಿದ್ದನ್ನು ಜೋಡಿಸಿ ಜೋಡಿಸಿ ಸಾಕಾಗಿತ್ತು. ಒಂದು ಅಂಗಿ ಹೇಗೆ ಬೀಳಬೇಕು ಎಂದು ನಾನೇ ಮೊದಲು ನೋಡಿ, ನಾನೇ ಗೆರೆ ಎಳೆಯಬೇಕು ಎಂದು ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಆ ಮೇಜನ್ನು ಮನೆಗೆ ಹೊತ್ತು ತರುವ ಹಾಗಿಲ್ಲ, ಅಲ್ಲಿಗೇ ಹೋಗಿ ನಿಲ್ಲಬೇಕು. ಕತ್ತರಿ ಆಡುವ ಕಡೆ ಮಗುವನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ. ಮಗಳ ಶಾಲೆಯ ಆವರಣದಲ್ಲೇ ಒಂದು ಶಿಶುವಿಹಾರವಿದೆ. ಗೋಂದು ಅಲ್ಲಿಗೆ ಹೋಗಲೇಬೇಕಾಯಿತು.

ಹೋದ ಎನ್ನುವುದು ದೊಡ್ಡ ಮಾತು. ಪ್ರತಿ ಬೆಳಿಗ್ಗೆ ಹೋಗಿ, ಸ್ವಲ್ಪ ಹೊತ್ತಿಗೇ ವಾಪಸ್ ಬಂದ. ರಂಪ ಮಾಡುವ ಮಗುವಾಗಿದ್ದರೆ ಬೈದಾದರೂ ಬಿಡಬಹುದಿತ್ತು. ಅವನು ಬಾಯೇ ಬಿಡುತ್ತಿರಲಿಲ್ಲ. ಜೇಬಿನಿಂದ ಒಂದೊಂದೇ ಬೆರಳು ಬಿಡಿಸಿ ಟೀಚರ್ ಕೈಗೆ ಕೊಟ್ಟರೆ, ಒಳಗೆ ಹೋಗಿ ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಿದ್ದ. ನಾನು ಗೇಟಿನ ಆಚೆ ನಿಂತು ಅವನನ್ನು ನೋಡುತ್ತಿದ್ದೆ, ಅವನು ನನ್ನನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲಿ ನೀರು, ಅದಕ್ಕಿಂತ ಸ್ವಲ್ಪ ಮುಂಚೆಯೇ ನನ್ನ ಕಣ್ಣಲ್ಲಿ. ಒಂದು ದಿನ ಅವನು ತಿಂದದ್ದನ್ನೆಲ್ಲ ಅಂಗಿಯ ಮೇಲೇ ಕಕ್ಕಿಕೊಂಡ. ಟೀಚರ್ ಒಳ್ಳೆಯವಳು. ನಾನು ರಸ್ತೆಯಲ್ಲಿ ನಿಂತಿರುವ ತನಕ ಅವನು ಒಳಗೆ ಕೂರುವುದಿಲ್ಲ, ನಾನು ಹೊರಟುಬಿಡಬೇಕು ಎಂದು ಮೆಲ್ಲಗೆ ಹೇಳಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಮಗ ನನ್ನವನೋ ಅವಳವನೋ ಎಂದು ಮನಸ್ಸಿನಲ್ಲೇ ಹಲ್ಲು ಕಡಿದು, ಅವನನ್ನು ಎತ್ತಿಕೊಂಡು ಮನೆಗೆ ಬಂದೆ. ಬರುವ ದಾರಿಯಲ್ಲಿ ಅವನು ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡಿದ್ದಾಗ ನನಗೆ ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಶನಿವಾರ ಅಂಗಡಿಯ ಅಕ್ಕ ಮನೆಯ ತನಕ ಬಂದರು. ಬಟ್ಟೆಯ ಗಂಟು ಕೊಡುವ ನೆವ. ಕೂತು ಚಹಾ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು.

"ಸೋಮವಾರ ಒಂದಿನ ನೋಡ್ತೀನಮ್ಮ. ಮೇಜಿನ ಮೇಲೆ ಬಟ್ಟೆ ರಾಶಿ ಬಿದ್ದಿದೆ, ಬೇರೆಯವರನ್ನ ನಿಲ್ಲಿಸ್ಕೊಳ್ಳದೇ ವಿಧಿಯಿಲ್ಲ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲಿಲ್ಲ ಎಂದು ಮುಖದಲ್ಲಿ ತೋರಿಸಿಕೊಂಡು ಅವರನ್ನು ಕಳಿಸಿ, ಒಳಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನಾನು ಪಾತ್ರೆ ಕುಕ್ಕುವಾಗ ಗಂಡನ ಬಾಯಿಗೆ ತಾನಾಗಿಯೇ ಬೀಗ ಬೀಳುತ್ತದೆ. ಮಾತಾಡಿದವಳು ಮೇಸ್ತ್ರಿ. ಗೋಂದು ನಡೆದುಕೊಂಡು ಹೋದರೆ ಒಳಗೆ ಹೋಗುವುದಿಲ್ಲ, ಬಸ್ಸಿನಲ್ಲಿ ಹೋದರೆ ಹೋಗುತ್ತಾನೆ ಎಂದು ತೀರ್ಪು ಕೊಟ್ಟಳು. ಯಾವ ಬಸ್ಸು ಎಂದೆ. ನಾವು ಮಾಡುವ ಬಸ್ಸು ಎಂದಳು. ತಾನು ಡ್ರೈವರು, ಅವನು ಕಂಡಕ್ಟರು. ಕಂಡಕ್ಟರು ಬಸ್ಸು ಬಿಟ್ಟು ಮನೆಗೆ ಓಡಿಹೋಗುವುದನ್ನು ನೀನು ಎಲ್ಲಾದರೂ ನೋಡಿದ್ದೀಯಾ ಎಂದು ನನ್ನನ್ನೇ ಕೇಳಿದಳು. ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ರಟ್ಟಿಗೆ ಬರವಿಲ್ಲ. ಅಚ್ಚು ಓರೆಯಾದ ಹಲಗೆಗಳನ್ನು ಕಾರ್ಖಾನೆಯವರು ಬಿಸಾಡುತ್ತಾರೆ, ಗಂಡ ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಾರೆ. ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲಿ ಕೈ ಹಾಕಿದರೂ ರಟ್ಟು. ಅದರಲ್ಲಿ ಈಗಾಗಲೇ ಒಂದು ಮೊಸಳೆ, ಬಾಗಿಲು ತೆರೆದು ಮುಚ್ಚುವ ಒಂದು ಫ್ರಿಜ್ಜು, ಯಾರಿಗೂ ಕೂರದ ಮೂರು ಕಿರೀಟ ಆಗಿದ್ದವು. ಕಿರೀಟಗಳು ನಾನೊಬ್ಬಳೇ ಅಳೆದು ಮಾಡಿದ್ದು; ಹಾಕಿಕೊಂಡರೆ ಎಲ್ಲರಿಗೂ ಭುಜಕ್ಕೆ ಇಳಿಯುತ್ತಿತ್ತು. ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ.

ಭಾನುವಾರ ಬೆಳಿಗ್ಗೆ ಕುರ್ಚಿಗಳನ್ನೆಲ್ಲ ಅಡುಗೆಮನೆಗೆ ತಳ್ಳಿ ನಡುಮನೆ ಖಾಲಿ ಮಾಡಿದೆವು. ಬಸ್ಸಿಗೆ ತಳ ಇರುವುದಿಲ್ಲ, ಒಳಗಿರುವವರು ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು ನಡೆಯಬೇಕು. ಡ್ರೈವರು ಒಂದು ಪಕ್ಕ, ಕಂಡಕ್ಟರು ಇನ್ನೊಂದು ಪಕ್ಕ. ಒಬ್ಬರ ಹಿಂದೆ ಒಬ್ಬರು ನಿಂತರೆ ಅದು ರೈಲು ಎಂದು ಮೇಸ್ತ್ರಿ ಒಪ್ಪಲಿಲ್ಲ. ನಾನು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಟೇಪು ಹಿಡಿದು ಅಗಲ ಹೇಳಿದೆ. ಎಂದಿನ ಹಾಗೆ ಬೆರಳು ತೂರಿಸಿ, ಹೊಲಿಗೆಗೆ ಬಿಟ್ಟು, ಬೆಳೆಯುವುದಕ್ಕೂ ಬಿಟ್ಟು ಹೇಳಿದೆ. ಗಂಡ ಅದನ್ನು ಮಕ್ಕಳ ಮೈಯಳತೆ ಎಂದುಕೊಂಡು, ಮಕ್ಕಳು ಸಾಮಾನಿಗಿಂತ ಜಾಸ್ತಿ ಅಲ್ಲಾಡುತ್ತಾರೆ ಎಂದು ಸುತ್ತಲೂ ದುಪ್ಪಟ್ಟು ಜಾಗ ಬಿಟ್ಟರು. ಅವರು ಚುಕ್ಕೆ ಇಟ್ಟು ಸ್ಕೇಲು ತರುವಷ್ಟರಲ್ಲಿ ಮೇಸ್ತ್ರಿ ಆ ಚುಕ್ಕೆಗಳನ್ನೇ ಆಚೆಗೆ ಸರಿಸಿದ್ದಳು. ಬಸ್ಸು ಎಂದ ಮೇಲೆ ನಿಂತುಕೊಂಡು ಹೋಗುವವರು ಇರುವುದಿಲ್ಲವೇ, ಅವರಿಗೆ ಜಾಗ ಎಲ್ಲಿ ಎನ್ನುವುದು ಅವಳ ವಾದ. ಇದು ನಮಗೆ ಗೊತ್ತಾಗಿದ್ದು ಆಮೇಲೆ. ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕ ಸರಿಯಾಗಿದೆ ಎಂದು ಹಿಗ್ಗಿಕೊಂಡು ಕೆಲಸ ಮಾಡುತ್ತಿದ್ದೆವು.

ಎತ್ತರಕ್ಕೂ ಅದೇ ಗತಿಯಾಯಿತು. ಪಕ್ಕದ ಗೋಡೆಗಳು ಒಂದೇ ಹಲಗೆ, ಅದರಲ್ಲೇ ಕಿಟಕಿಗಳನ್ನು ಕೊರೆದದ್ದು. ಮೇಲ್ಗಡೆಯ ಚಾವಣಿಯನ್ನು ಗಂಡ ಪೆಟ್ಟಿಗೆಯ ಮುಚ್ಚಳದ ಹಾಗೆ ಕಿವಿ ಬಿಟ್ಟು ಸಿಕ್ಕಿಸುವಂತೆ ಮಾಡಿದರು. ಮೂಲೆಗಳ ವಿಷಯಕ್ಕೆ ನಮ್ಮಿಬ್ಬರಿಗೂ ಜಟಾಪಟಿಯೇ ಆಯಿತು. ಅಂಟು ಸಾಕು ಎಂದು ಅವರು, ಹೊಲಿಯಬೇಕು ಎಂದು ನಾನು. ನಿಮ್ಮ ಅಂಟು ಒಣಗುವುದಕ್ಕೆ ನಾಳೆ ಸಂಜೆಯಾಗುತ್ತದೆ ಎಂದು ಗದರಿಸಿ, ದಬ್ಬಣಕ್ಕೆ ಹುರಿ ಪೋಣಿಸಿ, ಗೋಣಿಚೀಲ ಹೊಲಿಯುವ ಹಾಗೆ ನಾಲ್ಕು ಮೂಲೆಯನ್ನೂ ಹೊಲಿದೆ. ಅವರು ಆಚೆ ಕಡೆಯಿಂದ ದಬ್ಬಣದ ಮೊನೆಯನ್ನು ಎಳೆದುಕೊಡುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಎದುರುಬದುರು ಕೂತು ಒಂದು ಕೆಲಸ ಮಾಡಿದ್ದು ಅದೇ ಮೊದಲಿರಬೇಕು. ಒಮ್ಮೆ ದಬ್ಬಣದ ಜೊತೆ ನನ್ನ ಬೆರಳನ್ನೂ ಹಿಡಿದು ಎಳೆದರು, ಮೇಸ್ತ್ರಿ ನೋಡುತ್ತಿದ್ದಾಳೆ ಎಂದು ಬಿಡಿಸಿಕೊಂಡೆ.

ಗೋಂದು ಬೆಳಗಿನಿಂದ ನನ್ನ ಜೇಬು ಬಿಟ್ಟಿರಲಿಲ್ಲ. ಬಣ್ಣ ಹಚ್ಚುವ ಹೊತ್ತಿಗೆ ಬಿಟ್ಟ. ತಟ್ಟೆ ಬೋರಲು ಹಾಕಿ ಚಕ್ರದ ವೃತ್ತಗಳನ್ನು ಬರೆದುಕೊಟ್ಟರೆ ನಾಲಿಗೆ ಹೊರಗೆ ಹಾಕಿಕೊಂಡು ಕಪ್ಪು ಬಳಿದ. ಚಕ್ರ ಎಷ್ಟಿರಬೇಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಕಿಟಕಿಯ ಮಧ್ಯೆ, ಚಾವಣಿಯ ಅಂಚಿಗೆ, ಎಲ್ಲಿ ಕೈಗೆ ಎಟುಕಿತೋ ಅಲ್ಲೆಲ್ಲ ಚಕ್ರ ಬಂತು. ಮೇಸ್ತ್ರಿ ಅಳಿಸಲು ಹೋದಾಗ ಅವಳ ಅಪ್ಪ ತಡೆದರು. ಬಸ್ಸು ಮಗುಚಿ ಬಿದ್ದರೂ ಓಡುತ್ತಿರಲಿ ಬಿಡು ಎಂದರು. ನನ್ನ ಗುಂಡಿಗಳ ಡಬ್ಬಿಯಲ್ಲಿದ್ದ ದೊಡ್ಡ ಹಳದಿ ಗುಂಡಿಗಳು ದೀಪವಾದವು. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಒಂದೇ ಅಳತೆಗೆ ಕತ್ತರಿಸಿ ಟಿಕೆಟ್ ಮಾಡಿ, ಒಂದು ಪುಟ್ಟ ಚೀಲದಲ್ಲಿ ಹಾಕಿಕೊಟ್ಟೆ. ಆ ಟಿಕೆಟುಗಳನ್ನು ಅವನು ಬಣ್ಣಬಣ್ಣಕ್ಕೆ ಬೇರೆ ಮಾಡಿ, ಮತ್ತೆ ಕಲಸಿ, ಮತ್ತೆ ಬೇರೆ ಮಾಡಿದ. ನಾಳೆ ಇದರಲ್ಲಿ ಹೋಗುತ್ತೀಯಾ ಎಂದು ಹುಷಾರಾಗಿ ಕೇಳಿದೆ. ತಲೆ ಎತ್ತದೆ ಮೆಲ್ಲಗೆ ಕೇಳಿದ.

"ನೀನೂ ಬರ್ತೀಯಾ?"

ಬಸ್ಸಿನ ಪಕ್ಕದಲ್ಲಿ ನಡೆದುಕೊಂಡು ಬರುತ್ತೇನೆ ಎಂದೆ. ಅವನು ಟಿಕೆಟುಗಳನ್ನು ಮತ್ತೆ ಕಲಸಿದ. ಅವನು ನಾಳೆಯೂ ಸರಳು ಹಿಡಿದು ನಿಂತರೆ ಆ ಮೇಜು ಬೇರೆಯವರ ಪಾಲಾಗುತ್ತದೆ. ಹೋಗಲಿ ಎಂದು ಸುಮ್ಮನಿರುವ ಜಾಯಮಾನ ನನ್ನದಲ್ಲ. ಇಂದಲ್ಲ ನಾಳೆ, ನಿನ್ನಿಂದ ನನ್ನ ಕೆಲಸ ಹೋಯಿತು ಎಂದು ಆ ಪುಟ್ಟ ಮುಖದ ಮೇಲೆ ಎಗರಾಡಿಬಿಟ್ಟರೆ ಎನ್ನುವುದೇ ನನ್ನ ಭಯವಾಗಿತ್ತು.

ಸೋಮವಾರ ಬೆಳಿಗ್ಗೆ ಎಲ್ಲರೂ ತಯಾರಾಗಿ ನಿಂತೆವು. ಗಂಡನಿಗೆ ಮಧ್ಯಾಹ್ನದ ಪಾಳಿ, ಅವರೂ ಜೊತೆಗೆ ಹೊರಟರು. ಅವರು ಮುಂದೆ, ನಾನು ಹಿಂದೆ ಹಿಡಿದು ಬಸ್ಸನ್ನು ಬಾಗಿಲ ಹತ್ತಿರ ತಂದೆವು. ಬಸ್ಸಿನ ಮೂತಿ ಚೌಕಟ್ಟಿಗೆ ತಾಗಿ ನಿಂತಿತು. ಸ್ವಲ್ಪ ಎಡಕ್ಕೆ ಎಂದರು ಅವರು. ಎಡಕ್ಕೆ ಆಯಿತು, ಬಲಕ್ಕೆ ಆಯಿತು, ಮಲಗಿಸಿದೆವು, ನಿಲ್ಲಿಸಿದೆವು. ಮಲಗಿಸಿದರೆ ಅಗಲದ ಜಾಗಕ್ಕೆ ಎತ್ತರ ಬಂದು ಸಿಕ್ಕಿಕೊಳ್ಳುತ್ತಿತ್ತು. ಬಸ್ಸು ಬಾಗಿಲಿಗಿಂತ ದೊಡ್ಡದಿತ್ತು. ನಾಲ್ಕು ಜನ, ಇಡೀ ಭಾನುವಾರ, ಒಬ್ಬರಾದರೂ ತಲೆ ಎತ್ತಿ ಆ ಬಾಗಿಲನ್ನು ನೋಡಿರಲಿಲ್ಲ.

ಆಮೇಲೆ ನಡೆದದ್ದು ಹೇಳಿಕೊಳ್ಳುವಂಥದ್ದಲ್ಲ. ಪೆಟ್ಟಿಗೆ ಮಾಡುವವರಿಗೆ ಬಾಗಿಲು ಎಷ್ಟಿರುತ್ತದೆ ಎಂದು ಗೊತ್ತಿರಬೇಡವೇ ಎಂದು ನಾನು, ಮಕ್ಕಳಿಬ್ಬರ ಅಗಲಕ್ಕೆ ಆನೆಯ ಅಳತೆ ಹೇಳಿದವರು ಯಾರು ಎಂದು ಅವರು. ಆಗಲೇ ಒಬ್ಬೊಬ್ಬರೂ ಎಷ್ಟೆಷ್ಟು ಸೇರಿಸಿದ್ದೇವೆ ಎನ್ನುವುದು ಬಯಲಾಗಿದ್ದು. ಚುಕ್ಕೆ ಸರಿಸಿದ ಮೇಸ್ತ್ರಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಮುಖ ಮಾಡಿಕೊಂಡು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಗೋಂದು ಟಿಕೆಟ್ ಚೀಲವನ್ನು ಎದೆಗವಚಿಕೊಂಡು ಬಾಗಿಲನ್ನೂ ಬಸ್ಸನ್ನೂ ನಮ್ಮಿಬ್ಬರನ್ನೂ ನೋಡಿದ. ಅವನ ಕೈ ನಿಧಾನಕ್ಕೆ ನನ್ನ ಜೇಬಿನ ಕಡೆ ಬರುವುದು ಕಾಣಿಸಿತು. ನನ್ನ ಬಾಯಿ ತಟ್ಟನೆ ನಿಂತಿತು.

ಕತ್ತರಿ ತೆಗೆದೆ. ಹಿಂದಿನ ಒಂದು ಮೂಲೆಯ ಹೊಲಿಗೆಯನ್ನು ಮೇಲಿನಿಂದ ಕೆಳಗಿನ ತನಕ ಕತ್ತರಿಸಿದೆ. ಗಂಡ ಚಾವಣಿಯ ಕಿವಿಗಳನ್ನು ಬಿಡಿಸಿ ಎತ್ತಿಟ್ಟರು. ಉಳಿದ ಮೂರು ಹೊಲಿಗೆಯ ಗುಂಟ ಬಸ್ಸು, ಕಾರ್ಖಾನೆಯ ಪೆಟ್ಟಿಗೆಗಳು ಮಡಚಿಕೊಳ್ಳುವ ಹಾಗೇ, ಚಪ್ಪಟೆಯಾಗಿ ಮಡಚಿಕೊಂಡಿತು. ಅದನ್ನೂ ಚಾವಣಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಅವರು ಆಚೆ ನಡೆದರು. ಅಂಟು ಹಾಕಿದ್ದರೆ ಇದು ಆಗುತ್ತಿತ್ತೇ ಎಂದು ಹೇಳಿಕೊಳ್ಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರೇ ಬೀದಿಯಲ್ಲಿ ಬಸ್ಸು ಬಿಡಿಸಿ ಚಾವಣಿ ಸಿಕ್ಕಿಸುತ್ತಾ, ಹೊಲಿದಿದ್ದು ಒಳ್ಳೆಯದೇ ಆಯಿತು ಎಂದರು. ಅಷ್ಟು ಸಾಕಾಯಿತು ನನಗೆ.

ಮತ್ತೆ ಹೊಲಿಯುವುದಕ್ಕೆ ಹೊತ್ತಿರಲಿಲ್ಲ, ಶಾಲೆಯ ಗಂಟೆ ಹೊಡೆಯುವ ಸಮಯ ಹತ್ತಿರವಾಗಿತ್ತು. ಬಿಚ್ಚಿದ ಮೂಲೆಯನ್ನು ಯಾರಾದರೂ ಒಳಗಿನಿಂದ ಹಿಡಿದುಕೊಂಡು ಬರಬೇಕು. ಅವರು ಹಿಡಿಯಬಹುದಿತ್ತು. ಅವರು ಬಾಯಿ ತೆರೆಯುವ ಮುಂಚೆಯೇ ನಾನು ಬಗ್ಗಿ ಬಸ್ಸಿನೊಳಗೆ ನುಗ್ಗಿದ್ದೆ. ಮೂರು ಜನ ಸಲೀಸಾಗಿ ಹಿಡಿಸಿದೆವು. ಚಾವಣಿ ತಲೆಗೆ ಬಡಿಯುತ್ತದೆ ಎಂದು ನಾನು ಬೆನ್ನು ಬಗ್ಗಿಸಿಕೊಂಡಿದ್ದೆ. ನನ್ನ ಮುಂದೆ ಮಗನ ನೆತ್ತಿ, ಈಗಷ್ಟೇ ಬಾಚಿದ್ದು, ಆಗಲೇ ಒಂದು ಕಡೆ ಕೂದಲು ಎದ್ದಿತ್ತು. ಸವರೋಣ ಎಂದರೆ ಎರಡೂ ಕೈಯಲ್ಲಿ ಬಸ್ಸು.

ಮೇಸ್ತ್ರಿ ಬಾಯಲ್ಲೇ ಎಂಜಿನ್ ಶುರು ಮಾಡಿದಳು. ಹೊರಟೆವು. ಪಕ್ಕದ ಮನೆಯ ತಾತ ಕೋಲೂರಿಕೊಂಡು ಪೇಪರ್ ತರುವುದಕ್ಕೆ ಹೊರಟಿದ್ದರು. ನಮ್ಮನ್ನು ನೋಡಿ ನಗಲಿಲ್ಲ, ಅದು ಅವರ ದೊಡ್ಡತನ. ಕೋಲು ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಪೇಪರ್ ಅಂಗಡಿಗೆ ಹೋಗುತ್ತದೆಯೇ ಎಂದು ಕೇಳಿದರು. ಮೇಸ್ತ್ರಿ ಉತ್ತರ ಕೊಡುವ ಮುಂಚೆ ಗೋಂದು ಕಿಟಕಿಯಿಂದ ಕೈ ಚಾಚಿ ಒಂದು ನೀಲಿ ಚೂರು ಕೊಟ್ಟ. ತಾತ ಕಿಟಕಿಯ ಅಂಚು ಹಿಡಿದುಕೊಂಡು ಪಕ್ಕದಲ್ಲಿ ನಡೆದರು. ಅವರ ಹೆಜ್ಜೆಗೆ ತಕ್ಕ ಹಾಗೆ ಬಸ್ಸು ನಿಧಾನಿಸಿತು. ಪೇಪರ್ ಅಂಗಡಿ ಬಂದಾಗ ಗೋಂದು ಬಸ್ಸಿನ ಗೋಡೆಗೆ ಎರಡು ಸಲ ಬಡಿದು ನಿಲ್ಲಿಸಿದ, ಅವರು ಕೋಲೂರಿ ಸರಿಯಾಗಿ ನಿಂತರೇ ಎಂದು ಬಗ್ಗಿ ನೋಡಿದ, ಆಮೇಲೆ ಇನ್ನೊಂದು ಸಲ ಬಡಿದ. ಮನೆಯ ಹೊರಗೆ ಅವನು ಯಾರ ಜೊತೆಗಾದರೂ ವ್ಯವಹಾರ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೀದಿ ಗುಡಿಸುವಾಕೆಗೆ ಕೆಂಪು ಟಿಕೆಟ್ ಸಿಕ್ಕಿತು, ಅವಳು ತಿರುವಿನ ಕಂಬದ ಹತ್ತಿರ ಇಳಿದಳು. ಒಂದು ನಾಯಿಗೂ ಸಿಕ್ಕಿತು, ಅದು ಟಿಕೆಟ್ ಮೂಸಿ ಎಲ್ಲೂ ಇಳಿಯದೆ ಹಿಂದೆಯೇ ಬಂತು. ನನಗೆ ಸೊಂಟ ಹಿಡಿದುಕೊಂಡಿತ್ತು. ಆದರೂ ಈ ದಾರಿ ಮುಗಿಯುವುದೇ ಬೇಡ ಎನಿಸುತ್ತಿತ್ತು.

ತಿರುವು ದಾಟಿದರೆ ಟೈಲರ್ ಅಂಗಡಿ. ಶಾಲೆ ಇನ್ನೂ ಮುಂದೆ, ರಸ್ತೆಯ ಕೊನೆಗೆ. ಅಕ್ಕ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸುತ್ತಾ ನಿಂತಿದ್ದರು. ಗೋಡೆಗೆ ಎರಡು ಸಲ ಬಡಿದ ಸದ್ದು ಕೇಳಿಸಿತು. ಬಸ್ಸು ನಿಂತಿತು. ಪಟ್ಟಿ ಏನಾದರೂ ಕಿತ್ತಿತೇ ಎಂದು ನಾನು ಮುಂದಕ್ಕೆ ಬಗ್ಗಿದೆ. ಗೋಂದು ನನ್ನ ಕಡೆ ತಿರುಗಿ ನಿಂತಿದ್ದ.

"ಅಮ್ಮ, ಅಂಗಡಿ ಬಂತು. ಇಳಿ."

ನಾನು ಶಾಲೆಯ ತನಕ ಬರುತ್ತೇನೆ, ನಿನ್ನನ್ನು ಬಿಟ್ಟು ಆಮೇಲೆ ಇಲ್ಲಿಗೆ ಬರುತ್ತೇನೆ ಎಂದೆ.

"ಶಾಲೆ ಮಕ್ಕಳಿಗೆ," ಅಂದ. ತಾತನಿಗೆ ಪೇಪರ್ ಅಂಗಡಿ ಎನ್ನುವಷ್ಟೇ ಸಹಜವಾಗಿ ಅಂದ.

ಹಿಂದಿನ ಮೂಲೆ ಬಿಚ್ಚಿದೆಯಲ್ಲ ಕಂದ, ನಾನು ಕೈ ಬಿಟ್ಟರೆ ಬಸ್ಸು ತೆರೆದುಕೊಂಡು ಬಿದ್ದುಹೋಗುತ್ತದೆ ಎಂದೆ. ರಟ್ಟಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಅಪ್ಪ ಹಿಡ್ಕೋತಾರೆ. ನೀನು ಇಳಿ, ಡ್ರೈವರ್‌ಗೆ ಲೇಟಾಗುತ್ತೆ."

ಗಂಡ ಹಿಂದಿನಿಂದ ಬಗ್ಗಿ ಒಳಗೆ ಬಂದು ರಟ್ಟಿನ ಎರಡು ಅಂಚನ್ನೂ ಹಿಡಿದುಕೊಂಡರು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನಾನು ಬಗ್ಗಿ ಹೊರಗೆ ಬಂದೆ. ಕಾಲುದಾರಿಯ ಮೇಲೆ ನಿಂತು ಬಸ್ಸು ಹೊರಡಲಿ ಎಂದು ಕಾದೆ. ಬಸ್ಸು ಹೊರಡಲಿಲ್ಲ. ಕಿಟಕಿಯಲ್ಲಿ ಅವನ ಮುಖ ಬಂತು. ಕಣ್ಣು ತುಂಬಿಕೊಂಡಿತ್ತು, ಆದರೆ ಅವನು ಹಲ್ಲು ಕಚ್ಚಿಕೊಂಡು ಕೆಲಸದಲ್ಲಿದ್ದ.

"ರೋಡಲ್ಲಿ ನಿಂತ್ಕೋಬಾರ್ದು. ಒಳಗೆ ಹೋಗು. ಅಕ್ಕನ ಹತ್ರ ಕೂತ್ಕೋ, ಸಂಜೆ ಬಂದು ಕರ್ಕೊಂಡ್ ಹೋಗ್ತೀನಿ. ಅಳಬಾರ್ದು, ಆಯ್ತಾ?"

ಆಯಿತು ಎಂದೆ. ಅಷ್ಟು ದಿನ ಆ ಕಿಟಕಿಯ ಸರಳು ಹಿಡಿದು ಅವನು ನೋಡುತ್ತಿದ್ದದ್ದು ಏನನ್ನು ಎಂದು ನನಗೆ ಆಗ ಹೊಳೆಯಿತು. ಅಮ್ಮ ಬೀದಿಯಲ್ಲಿ ಒಬ್ಬಳೇ ಅಳುತ್ತಾ ನಿಂತಿದ್ದಾಳೆ, ಅವಳನ್ನು ಒಳಗೆ ಕರೆದುಕೊಳ್ಳುವವರು ಯಾರೂ ಇಲ್ಲ. ಹಾಗಿರುವಾಗ ಯಾವ ಮಗು ತಾನೇ ಕೂತು ಗೊಂಬೆಗೆ ಬಣ್ಣ ಹಚ್ಚುತ್ತದೆ.

ಅಕ್ಕ ನೀರಿನ ಚೊಂಬು ಕೆಳಗಿಟ್ಟು ಬಂದು, ನನ್ನ ಕೈ ಹಿಡಿದುಕೊಂಡರು. ಅವರ ಜೊತೆ ನಡೆದು ಅಂಗಡಿಯ ಹೊಸ್ತಿಲು ದಾಟಿದೆ. ನಾನು ಪೂರ್ತಿ ಒಳಗೆ ಹೋದ ಮೇಲೆ ರಸ್ತೆಯಲ್ಲಿ ಒಂದು ಸಲ ಬಡಿದ ಸದ್ದು ಕೇಳಿಸಿತು, ಮೇಸ್ತ್ರಿಯ ಎಂಜಿನ್ ಗುಡುಗಿತು. ಬಸ್ಸಿನ ಹಿಂದಿನ ಗೋಡೆಗೆ ನಾವು ಕಿಟಕಿ ಕೊರೆಯಲು ಮರೆತೇ ಬಿಟ್ಟಿದ್ದೆವು, ಹಾಗಾಗಿ ಬಾಗಿಲಿನ ಸಂದಿಯಿಂದ ನೋಡಿದರೆ ಕಂಡದ್ದು ಕಾಲುಗಳು ಮಾತ್ರ. ಎರಡು ದೊಡ್ಡವು, ಎರಡು ನಡುವಿನವು, ಎರಡು ತೀರಾ ಪುಟ್ಟವು. ಪುಟ್ಟವು ನಿಲ್ಲಲಿಲ್ಲ.

ಮೇಜಿನ ಮೇಲೆ ಬಟ್ಟೆ ಹರಡಿತ್ತು. ನಾನು ಕತ್ತರಿ ಹಿಡಿಯಬೇಕೋ ಚಾಕ್ ಹಿಡಿಯಬೇಕೋ ತಿಳಿಯದವಳ ಹಾಗೆ ನಿಂತು, ಬಟ್ಟೆಯ ಮೇಲೆ ಕಣ್ಣೀರು ಬೀಳಬಾರದು ಎಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ. ಅಕ್ಕ ಒಂದು ಚಿಂದಿ ಕೊಟ್ಟರು. ಚೆನ್ನಾಗಿ ಅತ್ತೆ. ದುಃಖವೋ ಸುಖವೋ ಬೇರೆ ಮಾಡಲಾಗದ ಹಾಗೆ ಅತ್ತೆ. ಅತ್ತು ಮುಗಿದ ಮೇಲೆ ಗೆರೆ ಎಳೆಯುವುದಕ್ಕೆ ಶುರು ಮಾಡಿದೆ. ರಸ್ತೆಯಲ್ಲಿ ಯಾವ ಮಗುವಿನ ಸದ್ದಾದರೂ ಕೈ ನಿಲ್ಲುತ್ತಿತ್ತು.

ಸ್ವಲ್ಪ ಹೊತ್ತಿಗೆ ಗಂಡ ಬಸ್ಸನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಜೊತೆಗೆ ಯಾರೂ ಇರಲಿಲ್ಲ. ಅವರ ಎರಡೂ ಪಕ್ಕ ನೋಡಿದೆ, ಹಿಂದೆ ನೋಡಿದೆ, ನಾಯಿ ಮಾತ್ರ ಇತ್ತು.

"ಹೋದ್ನಾ?" ಎಂದು ಕೇಳಿದೆ.

"ಹೋದ. ಕಿಟಕಿ ಕಡೆ ನೋಡ್ಲೇ ಇಲ್ಲ, ಟೀಚರಿಗೇ ಟಿಕೆಟ್ ಕೊಡ್ತಿದಾನೆ. ಗೇಟಿನ ಹತ್ರ ಒಂದೇ ಮಾತು ಕೇಳ್ದ ಕಣೇ, ಅಮ್ಮ ಅತ್ತಳಾ ಅಂತ."

"ನೀವೇನಂದ್ರಿ?"

"ಇಲ್ಲ, ಅಳ್ಲಿಲ್ಲ ಅಂದೆ. ಆಮೇಲೇ ಕೈ ಬಿಟ್ಟಿದ್ದು."

ನಾನು ಚಿಂದಿಯಿಂದ ಮೂಗು ಒರೆಸಿಕೊಂಡು, ಅಷ್ಟು ಚಿಕ್ಕ ಮಗುವಿಗೆ ಸುಳ್ಳು ಹೇಳುವುದಕ್ಕೆ ನಾಚಿಕೆಯಾಗಲಿಲ್ಲವೇ ಎಂದು ಅವರನ್ನು ಬೈದೆ.